ಎರಡು ಮನೆಯ ಮಗುವಿಗೆ ಒಂದೇ ಆರೋಗ್ಯ ಪುಸ್ತಕ



ದೇಹವನ್ನೇ ದೇಗುಲವೆಂದು ಕಂಡ ಶರಣ ಪರಂಪರೆ ನಮ್ಮದು. ಆ ದೇಗುಲದ ಅಡಿಗಲ್ಲು ಬೀಳುವುದು ಬಾಲ್ಯದಲ್ಲಿ. ಮಗುವಿನ ಊಟ, ನಿದ್ರೆ, ಲಸಿಕೆ, ಔಷಧ ಇವೆಲ್ಲವನ್ನೂ ತಂದೆತಾಯಿ ಕೂಡಿ ನೋಡಿಕೊಳ್ಳುತ್ತಾರೆಂಬುದು ನಮ್ಮ ಸಾಮಾನ್ಯ ನಂಬಿಕೆ. ತಂದೆತಾಯಿ ಬೇರೆಯಾದಾಗ ಈ ಹೊಣೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ. ವಿಚ್ಛೇದನದ ಮಾತು ಬಂದರೆ ತಪ್ಪು ಯಾರದೆಂದು ಚರ್ಚಿಸುತ್ತೇವೆ, ಮನೆತನದ ಮರ್ಯಾದೆಯ ಬಗ್ಗೆ ಚಿಂತಿಸುತ್ತೇವೆ. ಮಗುವಿನ ಉಬ್ಬಸದ ಬಗ್ಗೆ, ಹೊಟ್ಟೆನೋವಿನ ಬಗ್ಗೆ, ತಪ್ಪಿಹೋದ ಲಸಿಕೆಯ ಬಗ್ಗೆ ಯಾರೂ ಮಾತನಾಡುವುದಿಲ್ಲ. ಜಾಲಹಳ್ಳಿಯಲ್ಲಿ ಬಹುಕಾಲದಿಂದ ಮಕ್ಕಳ ಚಿಕಿತ್ಸೆ ಮಾಡಿಕೊಂಡು ಬಂದಿರುವ ನಾನು ಈ ಮೌನವನ್ನು ಮುರಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಮುರಿಯುವ ಮೊದಲು, ಆ ಮೌನದಲ್ಲಿ ನನ್ನ ಪಾಲೂ ಇದ್ದುದನ್ನು ಒಪ್ಪಿಕೊಳ್ಳಬೇಕು.

ಸೋಮವಾರದ ಉಬ್ಬಸ

ಕೆಲವು ವರ್ಷಗಳ ಹಿಂದೆ ಒಂಬತ್ತು ವರ್ಷದ ಬಾಲಕನೊಬ್ಬನನ್ನು ಅವನ ಅಜ್ಜಿ ನನ್ನಲ್ಲಿಗೆ ಕರೆತರುತ್ತಿದ್ದರು. ಅವನಿಗೆ ಆಸ್ತಮಾ ಇತ್ತು. ದಿನವೂ ಎರಡು ಹೊತ್ತು ಎಳೆಯಬೇಕಾದ ತಡೆಗಟ್ಟುವ ಇನ್ಹೇಲರ್ ಒಂದು, ಉಸಿರು ಕಟ್ಟಿದಾಗ ಮಾತ್ರ ಬಳಸುವ ನೀಲಿ ಇನ್ಹೇಲರ್ ಮತ್ತೊಂದು, ಹೀಗೆ ಎರಡನ್ನು ಬರೆದುಕೊಟ್ಟಿದ್ದೆ. ಆದರೂ ಎರಡು ವಾರಕ್ಕೊಮ್ಮೆಯಾದರೂ ಸೋಮವಾರ ಬೆಳಿಗ್ಗೆ ಅವನು ಏದುಸಿರು ಬಿಡುತ್ತ ಬಂದು ಕೂರುತ್ತಿದ್ದ. ನಾನು ಔಷಧದ ಪ್ರಮಾಣ ಹೆಚ್ಚಿಸಿದೆ. ನೆಬ್ಯುಲೈಸರ್ ಇಟ್ಟು ಕಳಿಸಿದೆ. ಧೂಳು, ಹೊಗೆ, ಬೆಕ್ಕು, ನಾಯಿ ಎಲ್ಲವನ್ನೂ ವಿಚಾರಿಸಿದೆ. ಹೀಗೆಯೇ ನಾಲ್ಕು ತಿಂಗಳು ಕಳೆದವು.

ಒಂದು ಸೋಮವಾರ ಸುಮ್ಮನೆ ಅವನನ್ನೇ ಕೇಳಿದೆ: "ನಿನ್ನೆ ಮೊನ್ನೆ ಎಲ್ಲಿದ್ದೆ ಮರಿ?" ಅವನು ಅಜ್ಜಿಯ ಮುಖ ನೋಡಿದ. ಅಜ್ಜಿ ತಲೆ ತಗ್ಗಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: "ಶುಕ್ರವಾರ ಸಂಜೆ ಅವರಪ್ಪನ ಮನೆಗೆ ಹೋಗ್ತಾನೆ ಡಾಕ್ಟ್ರೇ. ನಮ್ಮ ಹುಡುಗಿಗೂ ಅವರಿಗೂ ಆಗಿಬರಲಿಲ್ಲ. ಕೋರ್ಟಲ್ಲಿ ಮುಗಿದು ವರ್ಷವಾಯ್ತು. ನಿಮ್ಮ ಹತ್ರ ಹೇಳಿಕೊಳ್ಳೋಕೆ ನಾಚಿಕೆಯಾಗಿತ್ತು."

ತಡೆಗಟ್ಟುವ ಇನ್ಹೇಲರ್ ಜಾಲಹಳ್ಳಿಯಲ್ಲಿ ತಾಯಿಯ ಮನೆಯ ಕಪಾಟಿನಲ್ಲಿರುತ್ತಿತ್ತು. ಮಗು ಯಲಹಂಕದಲ್ಲಿ ತಂದೆಯ ಮನೆಯಲ್ಲಿರುತ್ತಿತ್ತು. ಹೋದಾಗಲೆಲ್ಲ ಮೂರು ದಿನ ಔಷಧವಿಲ್ಲ. ರಜೆ ಬಂದರೆ ಹತ್ತು ದಿನವೂ ಇಲ್ಲ. ಮುಂದಿನ ವಾರ ತಂದೆ ತಾವೊಬ್ಬರೇ ಬಂದರು. ಮಗನನ್ನು ಕಡೆಗಣಿಸುವ ಮನುಷ್ಯರೇನೂ ಅಲ್ಲ. "ನೀಲಿ ಪಂಪು ನಮ್ಮನೇಲಿ ಇಟ್ಟಿದ್ದೀನಲ್ಲ ಡಾಕ್ಟರೇ, ಅದು ಸಾಲದೇ?" ಎಂದು ಕೇಳಿದರು. ಇನ್ನೊಂದು ಪಂಪು ಇದೆಯೆಂಬ ಸಂಗತಿಯೇ ಅವರಿಗೆ ಗೊತ್ತಿರಲಿಲ್ಲ. ಅದನ್ನು ಅವರಿಗೆ ಹೇಳಬೇಕಾದವರು ಯಾರು? ತಾಯಿ ಮಾತು ಬಿಟ್ಟಿದ್ದರು. ಅಜ್ಜಿಗೆ ಸಂಕೋಚ. ವೈದ್ಯನಾದ ನಾನು ಕೇಳಿರಲಿಲ್ಲ. ಹುಡುಗನನ್ನು ಕೇಳಿದಾಗ ಅವನು ಹೇಳಿದ್ದು ಇಷ್ಟು: "ಅಲ್ಲಿ ಔಷಧ ತಗೊಂಡಿಲ್ಲ ಅಂದ್ರೆ ಅಮ್ಮ ಅಪ್ಪಂಗೆ ಬೈತಾರೆ."

ಒಂಬತ್ತು ವರ್ಷದ ಮಗು ತಂದೆತಾಯಿಯ ಜಗಳವನ್ನು ತಡೆಯಲು ತನ್ನ ಉಸಿರನ್ನು ಒತ್ತೆಯಿಟ್ಟಿತ್ತು.

ಸಂಶೋಧನೆ ಹೇಳುವುದೇನು?

ತಂದೆತಾಯಿಯ ಬೇರ್ಪಡೆ ಮಕ್ಕಳ ಮನಸ್ಸನ್ನು ನೋಯಿಸುತ್ತದೆಂಬುದು ಎಲ್ಲರಿಗೂ ಗೊತ್ತು. ಅದು ದೇಹವನ್ನೂ ಮುಟ್ಟುತ್ತದೆ ಎಂಬುದಕ್ಕೆ ಹಲವು ದೇಶಗಳ ಅಧ್ಯಯನಗಳಲ್ಲಿ ಆಧಾರವಿದೆ. ನಾರ್ವೆ ದೇಶದಲ್ಲಿ ಮೂರನೆಯ ತರಗತಿಯ 3,166 ಮಕ್ಕಳನ್ನು ತೂಗಿ ಅಳೆದು 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಿವಾಹ ಉಳಿಸಿಕೊಂಡವರ ಮಕ್ಕಳಿಗೆ ಹೋಲಿಸಿದರೆ ವಿಚ್ಛೇದಿತರ ಮಕ್ಕಳಲ್ಲಿ ಅತಿತೂಕ ಶೇ. 54ರಷ್ಟು ಹೆಚ್ಚಾಗಿತ್ತು. ಸ್ವೀಡನ್ನಿನಲ್ಲಿ 12 ಮತ್ತು 15 ವರ್ಷದ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳ ತಲೆನೋವು, ಹೊಟ್ಟೆನೋವು, ನಿದ್ರಾಹೀನತೆ, ಹಸಿವಿಲ್ಲದಿರುವಿಕೆ ಮುಂತಾದ ತೊಂದರೆಗಳನ್ನು ವಿಚಾರಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ತಂದೆತಾಯಿ ಇಬ್ಬರೊಡನೆ ಒಂದೇ ಮನೆಯಲ್ಲಿದ್ದ ಮಕ್ಕಳಿಗೆ ತೊಂದರೆ ಅತಿ ಕಡಿಮೆ ಇತ್ತು. ಬೇರ್ಪಟ್ಟ ತಂದೆತಾಯಿಯ ಎರಡೂ ಮನೆಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಬೆಳೆಯುತ್ತಿದ್ದ ಮಕ್ಕಳು ನಡುವೆ ಇದ್ದರು. ಒಬ್ಬರ ಮನೆಯಲ್ಲಿಯೇ ಉಳಿದ ಮಕ್ಕಳಿಗೆ ತೊಂದರೆ ಇನ್ನೂ ಹೆಚ್ಚಾಗಿತ್ತು.

ಇಂತಹ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಬೇರ್ಪಡೆಯ ಜೊತೆಗೆ ಹಣದ ಮುಗ್ಗಟ್ಟು, ಮನೆ ಬದಲಾವಣೆ, ಶಾಲೆ ಬದಲಾವಣೆ, ಅದಕ್ಕೂ ಮೊದಲಿನ ವರ್ಷಗಳ ಜಗಳ ಎಲ್ಲವೂ ಬರುತ್ತವೆ. ಯಾವುದರಿಂದ ಎಷ್ಟು ಹಾನಿ ಎಂದು ಬಿಡಿಸಿ ಹೇಳುವುದು ಸುಲಭವಲ್ಲ. ಆದರೂ ಇವುಗಳ ನಡುವೆ ಒಂದು ಅಧ್ಯಯನ ನನ್ನ ಕಣ್ಣು ತೆರೆಸಿತು.

ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 201 ಮಂದಿ ಆರೋಗ್ಯವಂತ ವಯಸ್ಕರ ಮೂಗಿಗೆ ನೆಗಡಿಯ ವೈರಾಣುವಿರುವ ಹನಿ ಹಾಕಿ, ಐದು ದಿನ ಪ್ರತ್ಯೇಕವಾಗಿರಿಸಿ, ಯಾರಿಗೆ ನೆಗಡಿ ಬರುತ್ತದೆಂದು ಗಮನಿಸಿದರು. 2017ರಲ್ಲಿ ಅದರ ಫಲಿತಾಂಶ ಹೊರಬಂದಿತು. ಬಾಲ್ಯದಲ್ಲಿ ಯಾರ ತಂದೆತಾಯಿ ಬೇರೆಯಾಗಿ ಪರಸ್ಪರ ಮಾತನ್ನೇ ಬಿಟ್ಟಿದ್ದರೋ ಅವರಿಗೆ, ಕೂಡಿದ್ದ ಕುಟುಂಬಗಳಲ್ಲಿ ಬೆಳೆದವರಿಗಿಂತ ನೆಗಡಿ ತಗಲುವ ಸಂಭವ ಮೂರು ಪಟ್ಟಿಗೂ ಹೆಚ್ಚಾಗಿತ್ತು. ಬೇರೆಯಾಗಿಯೂ ಮಾತುಕತೆ ಉಳಿಸಿಕೊಂಡಿದ್ದವರ ಮಕ್ಕಳಲ್ಲಿ ಅಂತಹ ಹೆಚ್ಚಳ ಕಾಣಲಿಲ್ಲ. ಅವರು ಕೂಡು ಕುಟುಂಬದಲ್ಲಿ ಬೆಳೆದವರಂತೆಯೇ ಇದ್ದರು.

ಇದು ಚಿಕ್ಕ ಅಧ್ಯಯನ. ನೆಗಡಿಯೂ ಚಿಕ್ಕ ಕಾಯಿಲೆ. ಆದರೆ ಅದು ಬೊಟ್ಟು ಮಾಡಿದ ದಿಕ್ಕು ನನ್ನ ಅನುಭವಕ್ಕೆ ಸರಿಹೊಂದುತ್ತದೆ. ಮಗುವನ್ನು ಹೆಚ್ಚಾಗಿ ಬಾಧಿಸುವುದು ಎರಡು ಮನೆಗಳ ನಡುವಿನ ದೂರಕ್ಕಿಂತ ಆ ಎರಡು ಮನೆಗಳ ನಡುವಿನ ಮೌನ ಎಂಬುದು ನನ್ನ ಅಭಿಪ್ರಾಯ.

"ಮಕ್ಕಳಿಗಾಗಿ ಸಹಿಸಿಕೊಳ್ಳಿ" ಎನ್ನುವ ಮೊದಲು

ಇಲ್ಲಿ ಹಿರಿಯರು ಒಂದು ಮಾತು ಹೇಳಬಹುದು: "ಅದಕ್ಕೇ ಹೇಳುವುದು, ಮಕ್ಕಳ ಮುಖ ನೋಡಿಕೊಂಡು ಹೇಗಾದರೂ ಹೊಂದಿಕೊಂಡು ಹೋಗಬೇಕು." ಸಣ್ಣ ಮುನಿಸಿಗೆ ಸಂಸಾರ ಒಡೆಯಬಾರದೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಈ ಮಾತನ್ನು ಎಲ್ಲ ಮನೆಗಳಿಗೂ ಒಂದೇ ರೀತಿ ಹೇಳುವಂತಿಲ್ಲ. 1995ರಿಂದ 1997ರವರೆಗೆ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ 17,000ಕ್ಕೂ ಹೆಚ್ಚು ವಯಸ್ಕರ ಬಾಲ್ಯದ ಕಷ್ಟಗಳನ್ನು ವಿಚಾರಿಸಿದ ಪ್ರಸಿದ್ಧ ಅಧ್ಯಯನವೊಂದಿದೆ. ಆ ಕಷ್ಟಗಳ ಪಟ್ಟಿಯಲ್ಲಿ ತಂದೆತಾಯಿಯ ಬೇರ್ಪಡೆಯೂ ಒಂದು. ಅದೇ ಪಟ್ಟಿಯಲ್ಲಿ ಮನೆಯಲ್ಲಿ ಕುಡುಕರಿರುವುದು, ತಾಯಿ ಹೊಡೆತ ತಿನ್ನುವುದನ್ನು ಮಗು ಕಾಣುವುದು, ಮಗುವೇ ಹೊಡೆತ ಬೈಗುಳ ತಿನ್ನುವುದು ಇವೂ ಇವೆ. ಇಂತಹ ಕಷ್ಟಗಳ ಸಂಖ್ಯೆ ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಹೃದ್ರೋಗ, ಶ್ವಾಸಕೋಶದ ಕಾಯಿಲೆ, ಖಿನ್ನತೆ ಮುಂತಾದವು ಹೆಚ್ಚಾಗಿ ಕಂಡುಬಂದವು.

ಹಾಗಾದರೆ ಹೊಡೆತದ ಮನೆಯಲ್ಲಿ ಮಗುವನ್ನು ಉಳಿಸಿದರೆ ಒಂದು ಕಷ್ಟ ತಪ್ಪಿಸಲು ಹೋಗಿ ಮೂರು ಕಷ್ಟಗಳಿಗೆ ಅದನ್ನು ಒಪ್ಪಿಸಿದಂತೆ. ದಿನವೂ ಭಯದಲ್ಲಿರುವ ಮಗುವಿನ ಶರೀರ ಸದಾ ಅಪಾಯವನ್ನು ಎದುರಿಸುವ ಸ್ಥಿತಿಯಲ್ಲಿಯೇ ಇರುತ್ತದೆ. ಕಾರ್ಟಿಸಾಲ್ ಮುಂತಾದ ಒತ್ತಡದ ಹಾರ್ಮೋನುಗಳು ಬಹುಕಾಲ ಏರುಪೇರಾದರೆ ನಿದ್ರೆ, ಹಸಿವು, ರೋಗನಿರೋಧಕ ಶಕ್ತಿ ಎಲ್ಲವೂ ಕೆಡುತ್ತವೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಮಾಡತೊಡಗುತ್ತದೆ. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆ ನೋಯುತ್ತದೆ. ಅದು ನಟನೆಯಲ್ಲ, ನೋವು ನಿಜವಾದ ನೋವೇ. ಆದ್ದರಿಂದ ನಾನು ಬೇರೆಯಾಗಿ ಎಂದೂ ಹೇಳುವವನಲ್ಲ, ಹೇಗಾದರೂ ಕೂಡಿರಿ ಎಂದೂ ಹೇಳುವವನಲ್ಲ. ದಂಪತಿಗಳು ಯಾವ ತೀರ್ಮಾನಕ್ಕೇ ಬರಲಿ, ಮಗುವಿನ ಆರೋಗ್ಯದ ಹೊಣೆಯಿಂದ ಇಬ್ಬರಿಗೂ ವಿಚ್ಛೇದನವಿಲ್ಲ ಎಂದು ಹೇಳುವುದಷ್ಟೇ ನನ್ನ ಕೆಲಸ.

ಕಾನೂನಿನಲ್ಲಿ ಇದ್ದೂ ಒಪ್ಪಂದದಲ್ಲಿ ಇಲ್ಲದ್ದು

ಈ ಹೊಣೆಯನ್ನು ಕಾನೂನೂ ಹೇಳಿದೆ. 1955ರ ಹಿಂದೂ ವಿವಾಹ ಅಧಿನಿಯಮ ಮತ್ತು 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ ತಮ್ಮ ವ್ಯಾಪ್ತಿಗೆ ಬರುವವರನ್ನು ಹೇಳುವಾಗ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಉಲ್ಲೇಖಿಸಿವೆ. ಎರಡನೆಯ ಅಧಿನಿಯಮದಲ್ಲಿ ಜೀವನಾಂಶವೆಂದರೆ ಅನ್ನ, ಬಟ್ಟೆ, ವಸತಿ, ಶಿಕ್ಷಣ ಮಾತ್ರವಲ್ಲ. ವೈದ್ಯಕೀಯ ಆರೈಕೆ ಮತ್ತು ಚಿಕಿತ್ಸೆಯೂ ಅದರಲ್ಲಿ ಸೇರಿದೆ. ಅಪ್ರಾಪ್ತ ಮಕ್ಕಳನ್ನು ಪೋಷಿಸುವ ಹೊಣೆಯನ್ನು ಅದು ತಂದೆ, ತಾಯಿ ಇಬ್ಬರ ಮೇಲೂ ಹೊರಿಸುತ್ತದೆ. ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯದ ದ್ವಿಸದಸ್ಯ ಪೀಠವು 2013ರಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬನ ಪ್ರಕರಣದಲ್ಲಿ ಜಂಟಿ ಪಾಲನೆಯ ಆದೇಶ ನೀಡಿತು. ಜನವರಿಯಿಂದ ಜೂನ್‌ವರೆಗೆ ತಂದೆಯೊಡನೆ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯೊಡನೆ ಮಗು ಇರಬೇಕು, ವೆಚ್ಚವನ್ನು ಇಬ್ಬರೂ ಸಮನಾಗಿ ಭರಿಸಬೇಕು ಎಂಬುದು ಅದರ ಸಾರ. 2015ರಲ್ಲಿ ಭಾರತದ ಕಾನೂನು ಆಯೋಗವೂ ತನ್ನ 257ನೆಯ ವರದಿಯಲ್ಲಿ ಜಂಟಿ ಪಾಲನೆಗೆ ಕಾನೂನಿನಲ್ಲಿ ಅವಕಾಶವಿರಬೇಕೆಂದು ಶಿಫಾರಸು ಮಾಡಿತು.

ಇಷ್ಟೆಲ್ಲ ಇದ್ದರೂ ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ಬರೆದುಕೊಳ್ಳುವ ಒಪ್ಪಂದಗಳನ್ನು ಕೆಲವು ಪೋಷಕರು ನನಗೆ ತೋರಿಸಿದ್ದಾರೆ. ಅವುಗಳಲ್ಲಿ ಒಡವೆಯ ಗ್ರಾಂ ಲೆಕ್ಕವಿತ್ತು, ನಿವೇಶನದ ಚೌಕಬಂದಿ ಇತ್ತು, ಮಗುವನ್ನು ಭೇಟಿಯಾಗುವ ಗಂಟೆಗಳೂ ಇದ್ದವು. ಮಗುವಿನ ವೈದ್ಯರು ಯಾರು, ಆಸ್ಪತ್ರೆಯ ಬಿಲ್ಲು ಯಾರದು, ವಿಮೆ ಯಾರ ಹೆಸರಿನಲ್ಲಿ ಎಂಬ ಒಂದು ಸಾಲೂ ಇರಲಿಲ್ಲ.

ನಮ್ಮ ಭಾಗದಲ್ಲಿ ಇದರ ಪೆಟ್ಟು ಇನ್ನೂ ಜೋರು. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದ ಮೇಲೆ ಜಾಲಹಳ್ಳಿ ಬೆಳೆದದ್ದೇ ಕಾರ್ಖಾನೆಗಳ ನೆರಳಿನಲ್ಲಿ. ನೌಕರನ ಹೆಸರಿನಲ್ಲಿ ಕುಟುಂಬಕ್ಕೆಲ್ಲ ಚಿಕಿತ್ಸೆ ಸಿಗುವ ಪದ್ಧತಿ ಇಲ್ಲಿನವರಿಗೆ ರೂಢಿ. ಇಂದಿಗೂ ಪೀಣ್ಯದ ಕಾರ್ಮಿಕರ ಇಎಸ್‌ಐ ಚೀಟಿ, ಖಾಸಗಿ ಕಂಪನಿಯವರ ಗುಂಪು ವಿಮೆ ಎರಡೂ ದುಡಿಯುವವರ ಹೆಸರಿನಲ್ಲಿಯೇ ಇರುತ್ತವೆ. ತಂದೆ ಬೇರೆಯಾದರೂ ಮಗು ಮಗುವೇ ಆಗಿ ಉಳಿಯುತ್ತದೆ; ಆದರೆ ಚೀಟಿ ತಂದೆಯ ಜೇಬಿನಲ್ಲಿ, ಜ್ವರ ತಾಯಿಯ ಮನೆಯಲ್ಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಆ ಅರ್ಹತೆಗೆ ಆಧಾರ ಪಡಿತರ ಚೀಟಿ. ಮಗುವಿನ ಹೆಸರು ಯಾವ ಚೀಟಿಯಲ್ಲಿದೆ ಎಂಬುದು ತುರ್ತು ನಿಗಾ ಘಟಕದ ಬಾಗಿಲಲ್ಲಿ ನೆನಪಾಗಬೇಕಾದ ವಿಷಯವಲ್ಲ.

ಸಹಿಯ ವಿಷಯದಲ್ಲಿಯೂ ಭಯವಿದೆ. "ತಂದೆಯ ಸಹಿಯಿಲ್ಲದೆ ಆಪರೇಷನ್ ಮಾಡುವುದಿಲ್ಲವಂತೆ" ಎಂದು ಕಣ್ಣೀರಿಟ್ಟ ತಾಯಂದಿರನ್ನು ಕಂಡಿದ್ದೇನೆ. ತಂದೆ ದೂರವಾಗಿದ್ದರೆ ಅಥವಾ ಮಗುವಿನ ಬಗ್ಗೆ ಗಮನವಿಲ್ಲದಿದ್ದರೆ ತಂದೆ ಬದುಕಿರುವಾಗಲೂ ತಾಯಿ ಸಹಜ ಪಾಲಕಿಯಾಗಬಲ್ಲಳೆಂದು ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ 1999ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಸದುದ್ದೇಶದಿಂದ ಮಾಡುವ ಕೆಲಸಕ್ಕೆ ಪಾಲಕರು ಅಥವಾ ಕಾನೂನುಬದ್ಧವಾಗಿ ಅದರ ಹೊಣೆ ಹೊತ್ತವರು ಒಪ್ಪಿಗೆ ನೀಡಬಹುದೆಂದು ಭಾರತೀಯ ನ್ಯಾಯ ಸಂಹಿತೆಯ 27ನೆಯ ಕಲಮು ಹೇಳುತ್ತದೆ. ಒಪ್ಪಿಗೆ ಪಡೆಯಲು ಸಮಯವೇ ಇಲ್ಲದ ತುರ್ತಿನಲ್ಲಿ ಸದುದ್ದೇಶದಿಂದ ಚಿಕಿತ್ಸೆ ಮಾಡಿದವರಿಗೆ 30ನೆಯ ಕಲಮು ರಕ್ಷಣೆ ಕೊಡುತ್ತದೆ. ಪಾಲನೆಯ ಬಗ್ಗೆ ನ್ಯಾಯಾಲಯದ ಆದೇಶವಿದ್ದರೆ ಅದರ ಪ್ರತಿಯೊಂದನ್ನು ಮಗುವಿನ ವೈದ್ಯಕೀಯ ಕಾಗದಗಳ ಜೊತೆಗಿಡುವುದು ಒಳ್ಳೆಯದು. ಇಬ್ಬರ ಜಗಳಕ್ಕಾಗಿ ಮಗುವಿನ ಚಿಕಿತ್ಸೆ ಕಾಯಬಾರದು.

ಬೇರೆಯಾದವರು ಮಾಡಬಹುದಾದದ್ದು

ಮೇಲೆ ಹೇಳಿದ ಬಾಲಕನ ತಂದೆತಾಯಿಗೆ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಇವುಗಳಿಗೆ ಪ್ರೀತಿ ಮರಳಬೇಕಾಗಿಲ್ಲ, ಶಿಸ್ತು ಸಾಕು.

ಒಂದು, ಮಗುವಿಗೆ ಒಂದೇ ಆರೋಗ್ಯ ಪುಸ್ತಕವಿರಲಿ. ಅದು ಮಗುವಿನ ಚೀಲದಲ್ಲಿ ಎರಡೂ ಮನೆಗೆ ಹೋಗಲಿ. ರಕ್ತದ ಗುಂಪು, ಆಗದ ಔಷಧಗಳು, ತೂಕ, ಈಗಿನ ಔಷಧ, ಹಿಂದಿನ ಡೋಸ್ ಕೊಟ್ಟ ಹೊತ್ತು ಎಲ್ಲವನ್ನೂ ಅದರಲ್ಲಿ ಬರೆಯಿರಿ. ಒಂದು ಮನೆಯಲ್ಲಿ ಜ್ವರದ ಔಷಧ ಕುಡಿದು ಹೊರಟ ಮಗುವಿಗೆ ಇನ್ನೊಂದು ಮನೆಯಲ್ಲಿ ಗಂಟೆಯೊಳಗೆ ಮತ್ತೆ ಕುಡಿಸುವ ಅಪಾಯ ಇದರಿಂದ ತಪ್ಪುತ್ತದೆ.

ಎರಡು, ದಿನನಿತ್ಯದ ಔಷಧ ಎರಡೂ ಮನೆಯಲ್ಲಿ ಒಂದೊಂದು ಇರಲಿ. ಆಸ್ತಮಾ, ಅಪಸ್ಮಾರ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವ ಮಕ್ಕಳಿಗೆ ಇದು ಕಡ್ಡಾಯ. ಅಪಸ್ಮಾರದ ಮಾತ್ರೆ ಎರಡು ದಿನ ತಪ್ಪಿದರೂ ಫಿಟ್ಸ್ ಮರುಕಳಿಸಬಹುದು. ಇನ್ಸುಲಿನ್ ತಪ್ಪಿದರೆ ಪ್ರಾಣಕ್ಕೇ ಅಪಾಯ.

ಮೂರು, ಲಸಿಕೆಯ ಹೊಣೆಯನ್ನು ಒಬ್ಬರಿಗೆ ಹೆಸರಿಟ್ಟು ಒಪ್ಪಿಸಿ. ಮೊದಲ ಎರಡು ವರ್ಷದ ಚುಚ್ಚುಮದ್ದುಗಳನ್ನು ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು ನೆನಪಿಸುತ್ತಾರೆ. 5-6 ವರ್ಷದ ಡಿಪಿಟಿ ಬೂಸ್ಟರ್, 10 ಮತ್ತು 16 ವರ್ಷದ ಟಿಡಿ ಲಸಿಕೆ ಸುಲಭವಾಗಿ ಮರೆತುಹೋಗುತ್ತವೆ. "ಅವರು ಹಾಕಿಸಿರಬಹುದು" ಎಂದು ಇಬ್ಬರೂ ಅಂದುಕೊಂಡ ಲಸಿಕೆಯನ್ನು ಯಾರೂ ಹಾಕಿಸಿರುವುದಿಲ್ಲ. ತಾಯಿ ಕಾರ್ಡಿನ ಪ್ರತಿಯೊಂದು ತಂದೆಯ ಬಳಿಯೂ ಇರಲಿ.

ನಾಲ್ಕು, ಮಗುವಿನ ವೈದ್ಯರು ಒಬ್ಬರೇ ಆಗಿರಲಿ. ಅವರಿಗೆ ಮನೆಯ ಸ್ಥಿತಿಯನ್ನು ಮುಚ್ಚಿಡಬೇಡಿ. ಶಾಲೆಗೂ ಇಬ್ಬರ ದೂರವಾಣಿ ಸಂಖ್ಯೆ ಕೊಡಿ.

ಐದು, ಸುದ್ದಿಯನ್ನು ಮಗುವಿನ ಬಾಯಲ್ಲಿ ಹೇಳಿಕಳಿಸಬೇಡಿ. "ನಿಮ್ಮಪ್ಪನಿಗೆ ಹೇಳು, ಡಾಕ್ಟರ ಫೀಸು ಕಟ್ಟಲಿ" ಎಂಬ ಮಾತು ಮಗುವಿನ ಹೊಟ್ಟೆಯಲ್ಲಿ ನೋವಾಗಿ ಕೂರುತ್ತದೆ. ಮಾತು ಆಗದಿದ್ದರೆ ಸಂದೇಶ ಕಳಿಸಿ. ಅದೂ ಆಗದಿದ್ದರೆ, ಅಥವಾ ಹಿಂಸೆಯ ಭಯವಿದ್ದರೆ, ಇಬ್ಬರೂ ನಂಬುವ ಒಬ್ಬ ಹಿರಿಯರ ಮೂಲಕ ತಿಳಿಸಿ.

ಆರು, ಒಪ್ಪಂದ ಬರೆಯುವಾಗಲೇ ಚಿಕಿತ್ಸೆಯ ವೆಚ್ಚ, ವಿಮೆ, ಪಡಿತರ ಚೀಟಿ, ಇಎಸ್‌ಐ ವಿಷಯಗಳನ್ನು ಬರೆಯಿಸಿ. ಬೆಂಗಳೂರಿನಲ್ಲಿ 2007ರಿಂದ ಉಚ್ಚ ನ್ಯಾಯಾಲಯದ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ. ಮಧ್ಯಸ್ಥರ ಮುಂದೆ ಕುಳಿತಾಗ ಈ ಮಾತನ್ನು ನೀವೇ ಎತ್ತಿ.

ಮಠ ಮತ್ತು ಭಕ್ತರ ಪಾಲು

ಕೊನೆಯದಾಗಿ ನಮ್ಮ ಬಗ್ಗೆ. ಆ ಅಜ್ಜಿ ನಾಲ್ಕು ತಿಂಗಳು ಸತ್ಯ ಹೇಳದಿದ್ದುದು ಏಕೆ? ನನ್ನ ಭಯದಿಂದಲ್ಲ. ಚಿಕಿತ್ಸಾಲಯದ ಬೆಂಚಿನಲ್ಲಿ ಪಕ್ಕ ಕುಳಿತವರು ಮಠದಲ್ಲಿ, ಮದುವೆ ಮನೆಯಲ್ಲಿ, ದಾಸೋಹದ ಪಂಕ್ತಿಯಲ್ಲಿ ಸಿಗುವವರೇ ಎಂಬ ಭಯದಿಂದ. ವಿಚ್ಛೇದಿತೆಯನ್ನು ಶುಭಕಾರ್ಯದಲ್ಲಿ ಹಿಂದೆ ಸರಿಸುವುದು, ಆಕೆಯ ಮಗುವನ್ನು "ಪಾಪದ ಕೂಸು" ಎಂದು ನೋಡುವುದು, "ನಿಮ್ಮಪ್ಪ ಬರಲಿಲ್ಲವೇನೋ" ಎಂದು ನಾಲ್ಕು ಜನರ ನಡುವೆ ಕೇಳುವುದು ನಮಗೆ ಚಿಕ್ಕ ಸಂಗತಿಗಳು. ಆದರೆ ಆ ನಾಚಿಕೆಯೇ ಔಷಧದ ಮಾಹಿತಿಯನ್ನು ವೈದ್ಯರಿಂದ ಮುಚ್ಚಿಟ್ಟಿತು. ಹೆಣ್ಣಿಗೂ ಗಂಡಿಗೂ ಸಮಾನ ಗೌರವ ಕೊಟ್ಟ ಅನುಭವ ಮಂಟಪದ ವಾರಸುದಾರರು ನಾವು. ಒಂದು ಮಗುವಿನ ಉಸಿರಿಗಿಂತ ನಮ್ಮ ಕುತೂಹಲ ದೊಡ್ಡದಾಗಬಾರದು.

ಕುಟುಂಬ ಕಲಹಗಳನ್ನು ಆಲಿಸಿ ತೀರ್ಮಾನಿಸುವ ಪದ್ಧತಿ ನಮ್ಮ ಮಠಗಳಲ್ಲಿ ಹಿಂದಿನಿಂದಲೂ ಇದೆ. ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠಕ್ಕೆ ದೂರದೂರದ ಜನ ಹೋಗುವುದನ್ನು ನಾಡೇ ಬಲ್ಲದು. ಮಠದ ಜಗಲಿಯಲ್ಲಾಗಲಿ, ಊರ ಹಿರಿಯರ ಮನೆಯಲ್ಲಾಗಲಿ ಇಂತಹ ಪಂಚಾಯಿತಿ ನಡೆದಾಗ ಒಡವೆ ಮತ್ತು ಹೊಲದ ಪ್ರಶ್ನೆಗೆ ಮೊದಲು ಒಂದು ಪ್ರಶ್ನೆ ಕೇಳುವ ರೂಢಿ ಬರಲಿ: "ಮಗುವಿಗೆ ಏನಾದರೂ ಔಷಧ ನಡೆಯುತ್ತಿದೆಯೇ? ಅದು ಇಬ್ಬರಿಗೂ ಗೊತ್ತೇ?" ವೈದ್ಯರಾದ ನಾವೂ ಕೇಳಬೇಕು. ಈಗ ನಾನು ಹೊಸದಾಗಿ ಬರುವ ಪ್ರತಿ ಮಗುವಿನ ಜೊತೆಗೆ ಬಂದವರನ್ನು ಕೇಳುತ್ತೇನೆ: "ಮಗು ಎಷ್ಟು ಮನೆಯಲ್ಲಿ ಮಲಗುತ್ತದೆ?" ಅಜ್ಜಿಯ ಊರಿಗೆ ಹೋಗುವ ಮಕ್ಕಳಿಗೂ ಅನ್ವಯಿಸುವ ಪ್ರಶ್ನೆಯಾದ್ದರಿಂದ ಯಾರಿಗೂ ಮುಜುಗರವಾಗುವುದಿಲ್ಲ.

ಆ ಬಾಲಕನ ಎರಡೂ ಮನೆಯಲ್ಲಿ ಈಗ ಎರಡೂ ಬಗೆಯ ಇನ್ಹೇಲರ್‌ಗಳಿವೆ. ಸೋಮವಾರದ ಉಬ್ಬಸ ಬಹುಮಟ್ಟಿಗೆ ನಿಂತಿದೆ. ತಂದೆತಾಯಿ ಇಂದಿಗೂ ನೇರವಾಗಿ ಮಾತನಾಡುವುದಿಲ್ಲ. ಆದರೆ ನೀಲಿ ರಟ್ಟಿನ ಒಂದು ನೋಟ್‌ಪುಸ್ತಕದಲ್ಲಿ ಎರಡು ಕೈಬರಹಗಳು ಒಂದರ ಕೆಳಗೊಂದು ಬರುತ್ತಿವೆ: "ಬೆಳಿಗ್ಗೆ ಎರಡು ಪಫ್ ಆಯಿತು." "ರಾತ್ರಿ ಎರಡು ಪಫ್ ಆಯಿತು, ಕೆಮ್ಮಿಲ್ಲ." ಕಳೆದ ಬಾರಿ ಬಂದಾಗ ಅಜ್ಜಿ ಆ ಪುಸ್ತಕವನ್ನು ತಾವೇ ತೆಗೆದು ನನ್ನ ಮುಂದಿಟ್ಟರು. ಪಕ್ಕದ ಬೆಂಚಿನಲ್ಲಿ ಯಾರಿದ್ದಾರೆಂದು ಅವರು ತಿರುಗಿ ನೋಡಲಿಲ್ಲ.